ಗಿಡ್ಡ ಸ್ಪ್ರಿಂಗ್‌ಗೆ ಗಿಡ್ಡ ಶಾಕೇ ಬೇಕು

ನನ್ನ ಪೋಲೋ ಕಾರಿಗೆ ಬಿಲ್‌ಸ್ಟೀನ್ ಕಂಪನಿಯ ಬಿ8 ಶಾಕ್ ಅಬ್ಸಾರ್ಬರ್ ಹಾಕಿಸಿ ಒಂದು ಮಳೆಗಾಲ ಕಳೆಯಿತು. ಮೊದಲೇ ಇದನ್ನು ಹಾಕಿಸಬೇಕಿತ್ತು. ನಡುವೆ ಇನ್ನೊಂದು ಸೆಟ್‌ಗೆ ಸುರಿದ ದುಡ್ಡು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಾರು ಸೆಕೆಂಡ್ ಹ್ಯಾಂಡ್. ಬೆಂಗಳೂರಿನಿಂದ ತಂದಾಗಲೇ 35 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಇತ್ತು, ಶಾಕ್ ಮಾತ್ರ ಕಂಪನಿಯದು. ನಮ್ಮ ಮನೆ ವಿರಾಜಪೇಟೆ ಹತ್ತಿರ. ವಾರಕ್ಕೆರಡು ಸಲ ಮಡಿಕೇರಿ, ತಿಂಗಳಿಗೊಮ್ಮೆ ಸಂಪಾಜೆ ಘಾಟಿ ಇಳಿದು ಮಂಗಳೂರು. ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗುವ ಖುಷಿ ಕಂಡ ಮೇಲೆ ಸ್ಪ್ರಿಂಗ್ ತೆಗೆಸಲು ಮನಸ್ಸಾಗಲಿಲ್ಲ. ಆದರೆ ಮೊದಲ ವರ್ಷವೇ ಹಿಂದಿನ ಎರಡೂ ಶಾಕ್ ಎಣ್ಣೆ ಸೋರಿದವು.

ಮತ್ತೆ ಕಂಪನಿ ಶಾಕನ್ನೇ ಹಾಕಬಹುದಿತ್ತು. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಕಾರು ತಗ್ಗಿದಾಗ ಅದರ ರಾಡ್ ಸದಾ ಅರ್ಧ ಒಳಗೆ ಹೋಗಿಯೇ ಇರುತ್ತದೆ. ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಮೂಟೆ ಗೊಬ್ಬರ ಅಂದರೆ ಬಂಪ್ ಸ್ಟಾಪ್, ಅಂದರೆ ಶಾಕ್ ಪೂರ್ತಿ ಒತ್ತದಂತೆ ತಡೆಯುವ ರಬ್ಬರ್ ತುಂಡು, ಅದರ ಮೇಲೆ ಕೂತೇ ಓಡಬೇಕು. ಬೇಡ ಅಂದುಕೊಂಡೆ.

ನಾನು ಎಡವಿದ್ದು ಇಲ್ಲಿ. ಒಂದು ಅಂಗಡಿಯವರು ಗ್ಯಾಸ್ ಶಾಕ್ ತೋರಿಸಿ, 'ಗಟ್ಟಿ ಇದೆ, ತಗ್ಗಿಸಿದ ಕಾರಿಗೂ ಆಗುತ್ತದೆ' ಅಂದರು. ಗಟ್ಟಿ ಇದ್ದದ್ದು ನಿಜ. ಉದ್ದ ಎಷ್ಟು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹುಣಸೂರು ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಊರಿಗೆ ಬಂದು ಮೊದಲ ಹಂಪ್ ಇಳಿಯುವಾಗ ಮುಂದೆ 'ಟಕ್' ಅಂತು.

ಈ ಸದ್ದು ಹಳೆಯ ಶಾಕ್‌ನಲ್ಲೂ ಇತ್ತು. ಎಣ್ಣೆ ಸೋರಿದ್ದಕ್ಕೆ ಅಂದುಕೊಂಡಿದ್ದೆ. ಹೊಸದರಲ್ಲೂ ಬಂದಾಗ ತಲೆ ಕೆಟ್ಟಿತು. ಗ್ಯಾರೇಜಿನ ಅಣ್ಣ ಲಿಂಕ್ ರಾಡ್ ಅಂದರು, ಬದಲಿಸಿದೆವು. ಸದ್ದು ಹೋಗಲಿಲ್ಲ. ಆಮೇಲೆ ಟಾಪ್ ಮೌಂಟ್, ಬೇರಿಂಗ್ ಸಮೇತ. ಆಗಲೂ ಟಕ್. ತೋಟದ ದಾರಿಯಲ್ಲಿ ಕಾರು ಹೋದರೆ ಅಮ್ಮನಿಗೆ ಮನೆಯೊಳಗಿಂದಲೇ ಕೇಳಿಸುತ್ತಿತ್ತು. ಮೂರನೇ ಸಲ ಹೋದಾಗ ನಾನೇ ಹೇಳಿದೆ, 'ಅಣ್ಣ, ಸುಮ್ನೆ ಜಾಕ್ ಕೊಟ್ಟು ಚಕ್ರ ನೇತಾಡಲಿ, ನೋಡೋಣ.' ಚಕ್ರ ನೆಲ ಬಿಟ್ಟಿತು. ಸ್ಪ್ರಿಂಗ್ ಮೇಲೆ ಕೈಯಿಟ್ಟರೆ ಗಿರ್ರನೆ ತಿರುಗಿತು!

ಶಾಕ್ ಪೂರ್ತಿ ಉದ್ದಕ್ಕೆ ಚಾಚುತ್ತದೆ, ಅಷ್ಟು ಜಾಗ ತುಂಬುವಷ್ಟು ಸ್ಪ್ರಿಂಗೇ ಇಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ತಾನು ಕೂರುವ ಕಪ್ ಬಿಡುತ್ತದೆ, ಮರುಕ್ಷಣ ಬಂದು ಕೂರುತ್ತದೆ. ಅದೇ ಸದ್ದು. ಹಿಂದೆ ಇನ್ನೂ ಕೆಟ್ಟದ್ದು. ಪೋಲೋದಲ್ಲಿ ಹಿಂದಿನ ಶಾಕ್, ಸ್ಪ್ರಿಂಗ್ ಬೇರೆ ಬೇರೆ ಕಡೆ ಇರುತ್ತವೆ. ಎಳೆದರೆ ಸ್ಪ್ರಿಂಗ್ ಕೈಗೇ ಬರುವಂತಿತ್ತು. ಮಾಕುಟ್ಟ ಘಾಟಿಯ ಮಳೆಯಲ್ಲಿ, ತಿರುವಿನಲ್ಲೇ ಗುಂಡಿ ಸಿಕ್ಕಿ ಅದು ಸೊಟ್ಟ ಕೂತಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ನಡುವೆ ಭಾವನ ಕಾರನ್ನೂ ಎರಡು ದಿನ ಓಡಿಸಿದೆ. ಅದರಲ್ಲಿ ಕೋನಿ ಕಂಪನಿಯ ಹಳದಿ ಶಾಕ್ ಇದೆ. ತಲಕಾವೇರಿವರೆಗೂ ಹೋಗಿ ಬಂದೆ, ಬಹಳ ಚೆಂದ. ತಿರುಗಿಸಿ ಹೊಂದಿಸುವುದು ರಿಬೌಂಡ್ ಮಾತ್ರ, ಅಂದರೆ ಒತ್ತಿದ ಸ್ಪ್ರಿಂಗ್ ಮೇಲೇಳುವ ವೇಗ. ಭಾವನಿಗೆ ಅದನ್ನು ಹೊಂದಿಸುತ್ತಾ ಕೂರುವುದೇ ಖುಷಿ. ನನಗೆ ಒಮ್ಮೆ ಹಾಕಿ ಮರೆತುಬಿಡುವಂಥದ್ದು ಬೇಕು.

ಅದಕ್ಕೇ ಬಿ8. ತಗ್ಗಿಸುವ ಸ್ಪ್ರಿಂಗ್‌ಗೆ ಅಂತಲೇ ಗಿಡ್ಡ ಮಾಡಿದ ಶಾಕ್ ಇದು. ಅದೇ ಕಂಪನಿಯ ಬಿ6 ಮೂಲ ಉದ್ದದ್ದು, ಆರ್ಡರ್ ಮಾಡುವಾಗ ನಂಬರ್ ಎರಡು ಸಲ ನೋಡಿ. ಒಂದೇ ಕೊಳವೆ, ಒಳಗೆ ಎಣ್ಣೆಗೂ ಒತ್ತಿ ತುಂಬಿದ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್. ಹಾಗಾಗಿ ಎಣ್ಣೆ ನೊರೆಯಾಗುವುದಿಲ್ಲ; ನೊರೆಯಾದರೆ ಶಾಕ್ ಹಿಡಿತ ಬಿಡುತ್ತದೆ. ಕಂಪನಿ ಶಾಕ್ ಇದ್ದಾಗ ಮದೆನಾಡು ದಾಟಿ ಜೋಡುಪಾಲ ಬರುವಷ್ಟರಲ್ಲಿ ಹಿಂಭಾಗ ತೂಗಾಡಲು ಶುರುವಾಗುತ್ತಿತ್ತು. ಈಗ ಸಂಪಾಜೆ ಗೇಟಿನವರೆಗೂ ಒಂದೇ ಸಮ. ಜಾಕ್ ಕೊಟ್ಟರೆ ಸ್ಪ್ರಿಂಗ್ ಅಲ್ಲಾಡುವುದಿಲ್ಲ. ಟಕ್ ಇಲ್ಲ.

ತೋಟದ ಕಲ್ಲುದಾರಿಯಲ್ಲಿ ನಿಧಾನ ಹೋದರೆ ಗಡಸು. ಅಮ್ಮನಿಗೆ ಸೊಂಟ ನೋವು, ಅವರಿದ್ದಾಗ ಜೀಪೇ ತೆಗೆಯುತ್ತೇನೆ. ಬೆಲೆ ಕಂಪನಿ ಶಾಕ್‌ಗಿಂತ ತುಂಬಾ ಜಾಸ್ತಿ. ಕಾಫಿ ದುಡ್ಡು ಕೈಗೆ ಬರುವವರೆಗೆ ಕಾದೆ. ವರ್ಷಕ್ಕೆ ನಾಲ್ಕು ಸಲ ಘಾಟಿ ಇಳಿಯುವವರಾದರೆ ಇಷ್ಟು ಖರ್ಚು ಬೇಡ, ಮೂಲ ಸ್ಪ್ರಿಂಗ್‌ಗೆ ವಾಪಸ್ ಹೋಗಿ ಕಂಪನಿ ಶಾಕ್ ಹಾಕಿಸಿ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ರಾಡನ್ನು ಇಕ್ಕಳದಲ್ಲಿ ಹಿಡಿಯಲು ಬಿಡಬೇಡಿ, ಗೀರು ಬಿದ್ದರೆ ಸೀಲ್ ಹೋಗುತ್ತದೆ. ಹಿಂದಿನ ಶಾಕ್‌ನ ಕೆಳಗಿನ ಬೋಲ್ಟ್ ಕಾರು ನೆಲಕ್ಕಿಳಿದ ಮೇಲೆ ಬಿಗಿಯಲಿ, ಇಲ್ಲದಿದ್ದರೆ ಅದರ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ತೆಗೆದ ಗ್ಯಾಸ್ ಸೆಟ್ ಅಟ್ಟದಲ್ಲಿದೆ. ಗೆಳೆಯರೊಬ್ಬರ ಪೋಲೋ ಇನ್ನೂ ಮೂಲ ಎತ್ತರದಲ್ಲಿದೆ, ಅದಕ್ಕೆ ಸರಿಯಾಗುತ್ತದೆ. ಈ ಭಾನುವಾರ ಕೊಟ್ಟು ಬರುತ್ತೇನೆ.