ಕಡಿಮೆ ವರಮಾನ, ತಡೆಯಲಾಗದ ಹಲ್ಲುನೋವು: ದಂತವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಆರು ಭೇಟಿಗಳು

ಕೆಳದವಡೆಯ ಎಡಗಡೆಯ ಮೊದಲ ದವಡೆಹಲ್ಲಿಗೆ ನಾನು ಬೇರುನಾಳದ ಚಿಕಿತ್ಸೆಯನ್ನು, ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಹೇಳುವುದಾದರೆ ರೂಟ್ ಕೆನಾಲನ್ನು, ದಂತವೈದ್ಯಕೀಯ ಕಾಲೇಜೊಂದರ ಆಸ್ಪತ್ರೆಯಲ್ಲಿ ಮಾಡಿಸಿಕೊಂಡೆ. ಕ್ಯಾಪ್ ಕೂರುವವರೆಗೆ ಆರು ಸಲ ಹೋಗಬೇಕಾಯಿತು, ಮೂರು ತಿಂಗಳು ಹಿಡಿಯಿತು. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ; ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುವ ಇಂಥ ಆಸ್ಪತ್ರೆಗಳು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ನಡೆಯುತ್ತವೆ, ಆದ್ದರಿಂದ ನನ್ನ ಅನುಭವ ಬೇರೆ ಕಡೆ ಹೋಗುವವರಿಗೂ ಉಪಯೋಗಕ್ಕೆ ಬರಬಹುದೆಂದು ನಂಬಿದ್ದೇನೆ. ಅಲ್ಲಿನ ದರ ಕಡಿಮೆಯೆಂಬುದು ನಿಜ. ಆದರೆ ದರಕ್ಕಿಂತಲೂ ಹೆಚ್ಚು ನನಗೆ ನೆರವಾದದ್ದು, ಇವತ್ತೇ ಆಗಬೇಕಾದ ಕೆಲಸ ಯಾವುದು, ಕೆಲವು ವಾರ ತಡೆದರೂ ನಡೆಯುವ ಕೆಲಸ ಯಾವುದು ಎಂದು ಚಿಕಿತ್ಸೆಯನ್ನು ಬಿಡಿಸಿ ಹೇಳಿದ ರೀತಿ. ಕೈಯಲ್ಲಿ ಹಣವಿಲ್ಲದವರಿಗೆ ಈ ಒಂದು ಮಾಹಿತಿಯಿಂದಲೇ ದಾರಿ ತೆರೆದುಕೊಳ್ಳುತ್ತದೆ.

ನೋವು ಶುರುವಾದದ್ದು ಬಿಸಿ ಕುಡಿದಾಗ. ಮೊದಲು ಕೆಲವು ಕ್ಷಣ ಇದ್ದು ಹೋಗುತ್ತಿತ್ತು, ಆಮೇಲೆ ಅರ್ಧ ಗಂಟೆಯವರೆಗೂ ಉಳಿಯತೊಡಗಿತು, ಕೊನೆಗೆ ಯಾವ ಕಾರಣವೂ ಇಲ್ಲದೆ ರಾತ್ರಿ ಎಬ್ಬಿಸಿ ಕೂರಿಸುವ ಮಟ್ಟಕ್ಕೆ ಬಂತು. ಮಲಗಿದರೆ ಹೆಚ್ಚು, ಎದ್ದು ಕೂತರೆ ಸ್ವಲ್ಪ ಕಡಿಮೆ. ಇದಕ್ಕೆ ಕಾರಣವೇನೆಂದು ನನಗೆ ತಿಳಿದದ್ದು ಆಸ್ಪತ್ರೆಯಲ್ಲಿಯೇ. ಹಲ್ಲಿನ ಒಳಗಿನ ತಿರುಳಿನಲ್ಲಿ ನರಗಳೂ ರಕ್ತನಾಳಗಳೂ ಇರುತ್ತವೆ. ಮೈಯ ಬೇರೆ ಕಡೆ ಉರಿಯೂತವಾದರೆ ಆ ಜಾಗ ಊದಿಕೊಳ್ಳುತ್ತದೆ, ಹಲ್ಲಿನ ಗಟ್ಟಿ ಗೋಡೆಗಳ ನಡುವೆ ಊದಿಕೊಳ್ಳಲು ಜಾಗವೇ ಇಲ್ಲವಾದ್ದರಿಂದ ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ, ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವು ಇನ್ನೂ ಏರುತ್ತದೆ. ಈ ಹಂತ ಮುಟ್ಟಿದ ತಿರುಳು ತಾನಾಗಿ ಸರಿಹೋಗುವುದಿಲ್ಲ. ಆ ತಿರುಳನ್ನು ತೆಗೆಯಬೇಕು, ಇಲ್ಲವೇ ಹಲ್ಲನ್ನೇ ಕೀಳಬೇಕು.

ಇದು ಗೊತ್ತಿಲ್ಲದೆ ನಾನು ಕಳೆದ ಹತ್ತು ದಿನಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಹಣವಿಲ್ಲದವರು ಮೊದಲು ಹೋಗುವುದು ಔಷಧದ ಅಂಗಡಿಗೆ. ಅಲ್ಲಿ ನಾನು ಕೇಳಿ ಪಡೆದದ್ದು ಆಂಟಿಬಯೋಟಿಕ್ ಮಾತ್ರೆ. ನೋವು ಒಂದಿಷ್ಟೂ ತಗ್ಗಲಿಲ್ಲ. ತಿರುಳಿನ ಉರಿಯೂತದ ನೋವನ್ನು ಆಂಟಿಬಯೋಟಿಕ್ ಇಳಿಸುವುದಿಲ್ಲ. ಆರೋಗ್ಯವಂತ ವಯಸ್ಕರಿಗೆ ದಂತಚಿಕಿತ್ಸೆ ತಕ್ಷಣ ಸಿಗುವಂತಿದ್ದರೆ ಇಂಥ ಹಲ್ಲುನೋವಿಗೆ ಅದನ್ನು ಕೊಡಬಾರದೆಂದು ಅಮೆರಿಕದ ದಂತವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಜ್ವರ ಬಂದು, ಮುಖ ಊದಿ, ಸೋಂಕು ಹರಡುತ್ತಿದ್ದರೆ ಮಾತು ಬೇರೆ. ವೈದ್ಯರು ಬರೆದುಕೊಟ್ಟ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೋಡಿ ಒಂದು ರಾತ್ರಿಯ ಮಟ್ಟಿಗೆ ನನಗೆ ನಿದ್ದೆ ಕೊಟ್ಟಿತು. ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಐಬುಪ್ರೊಫೆನ್ ಅನ್ನು ಕೇಳದೆ ತೆಗೆದುಕೊಳ್ಳಬಾರದು. ಪ್ಯಾರಾಸಿಟಮಾಲ್ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಆಸ್ಪಿರಿನ್ ಮಾತ್ರೆಯನ್ನು ನೋಯುವ ಹಲ್ಲಿನ ಪಕ್ಕ ಇಟ್ಟುಕೊಳ್ಳುವ ಅಭ್ಯಾಸವಂತೂ ಒಸಡನ್ನು ಸುಡುತ್ತದೆ, ನೋವಿನ ಮೇಲೆ ಹುಣ್ಣನ್ನೂ ತರುತ್ತದೆ.

ಕಾಲೇಜಿನ ಆಸ್ಪತ್ರೆಗೆ ಹೋಗುವ ಮೊದಲು ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ತೋರಿಸಿದ್ದೆ. ಪರೀಕ್ಷೆ ಸರಿಯಾಗಿಯೇ ಮಾಡಿದರು, ರೋಗವನ್ನೂ ಸರಿಯಾಗಿ ಗುರುತಿಸಿದರು. ಆದರೆ ರೂಟ್ ಕೆನಾಲ್ ಮತ್ತು ಸೆರಾಮಿಕ್ ಕ್ಯಾಪ್ ಎರಡನ್ನೂ ಸೇರಿಸಿ ಒಂದೇ ಮೊತ್ತವಾಗಿ ಹೇಳಿದರು. ಅದು ನನ್ನ ಒಂದು ತಿಂಗಳ ಗಳಿಕೆಯನ್ನು ಮೀರುತ್ತಿತ್ತು. ಅಷ್ಟಿಲ್ಲವೆಂದಾಗ, ಹಣಕಾಸು ಸಂಸ್ಥೆಯೊಂದರ ಕಂತಿನ ಸಾಲದ ಅರ್ಜಿಯನ್ನು ಮುಂದಿಟ್ಟರು. ಬಡ್ಡಿಯಿಲ್ಲದ ಕಂತು ಎಂದು ಮೇಲೆ ಬರೆದಿತ್ತು. ಕೆಳಗೆ ಓದಿದರೆ, ಆರಂಭದಲ್ಲೇ ಕಡಿತವಾಗುವ ಒಂದು ಶುಲ್ಕವೂ, ಒಂದು ಕಂತು ತಪ್ಪಿದರೆ ಉಳಿದ ಮೊತ್ತಕ್ಕೆಲ್ಲ ಬಡ್ಡಿ ಬೀಳುವ ಷರತ್ತೂ ಇದ್ದವು. ನೋವಿನಲ್ಲಿರುವವರು ಅಂಥ ಕಾಗದಕ್ಕೆ ಆ ಕುರ್ಚಿಯಲ್ಲೇ ಕೂತು ಸಹಿ ಹಾಕಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡೂ ದವಡೆ ಬಿಗಿಹಿಡಿದು ಕೂತಾಗ ಯಾವ ಷರತ್ತೂ ಕಣ್ಣಿಗೆ ಬೀಳುವುದಿಲ್ಲ. ಅದೃಷ್ಟಕ್ಕೆ, ಯೋಚಿಸಿ ಬರುತ್ತೇನೆಂದು ಹೇಳಿ ಎದ್ದುಬಂದೆ.

ಕಾಲೇಜಿನ ಆಸ್ಪತ್ರೆಯಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿತ್ತು. ಚೀಟಿ ಮಾಡಿಸಿ, ಹೊರರೋಗಿ ವಿಭಾಗದಲ್ಲಿ ಕೂತು, ಎಕ್ಸ್‌ರೇ ತೆಗೆಸಿ, ರೂಟ್ ಕೆನಾಲ್ ವಿಭಾಗದ ಕುರ್ಚಿಗೆ ಹೋಗುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಅಲ್ಲಿ ನನ್ನನ್ನು ನೋಡಿದ್ದು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ. ಆಕೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನನಗೇ ತೋರಿಸಿ, ಮೂರು ದಾರಿಗಳನ್ನು ಹೇಳಿದರು. ಹಲ್ಲನ್ನು ಕೀಳಿಸಿದರೆ ಇಂದೇ ಮುಗಿಯುತ್ತದೆ, ಖರ್ಚು ಎಲ್ಲಕ್ಕಿಂತ ಕಡಿಮೆ; ಆದರೆ ಖಾಲಿ ಜಾಗದ ಕಡೆಗೆ ಪಕ್ಕದ ಹಲ್ಲುಗಳು ವಾಲುತ್ತವೆ, ಮೇಲಿನ ಹಲ್ಲು ಕೆಳಕ್ಕೆ ಇಳಿಯುತ್ತದೆ, ಮುಂದೆ ಅಲ್ಲಿ ಹಲ್ಲು ಕಟ್ಟಿಸಬೇಕೆಂದರೆ ರೂಟ್ ಕೆನಾಲಿಗಿಂತ ಹೆಚ್ಚು ಖರ್ಚು. ಪೂರ್ತಿ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿಸಿದರೆ ಹಲ್ಲು ಉಳಿಯುತ್ತದೆ, ಹಲವು ಭೇಟಿಗಳು ಬೇಕು. ಮೂರನೆಯದು, ಇವತ್ತು ಹಲ್ಲನ್ನು ತೆರೆದು ಉರಿಯುತ್ತಿರುವ ತಿರುಳನ್ನು ತೆಗೆದು ತಾತ್ಕಾಲಿಕ ಸಿಮೆಂಟ್ ತುಂಬುವುದು. ನೋವು ಇವತ್ತೇ ಇಳಿಯುತ್ತದೆ, ಉಳಿದ ಹಣವನ್ನು ಹೊಂದಿಸಿಕೊಳ್ಳಲು ಕೆಲವು ವಾರ ಸಿಗುತ್ತವೆ. ಈ ಮೂರನೆಯ ದಾರಿ ಇದೆಯೆಂದು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ತಾತ್ಕಾಲಿಕ ಸಿಮೆಂಟ್ ತಿಂಗಳುಗಟ್ಟಲೆ ನಿಲ್ಲುವುದಿಲ್ಲ, ಸವೆದು ಸೋರತೊಡಗಿದರೆ ಒಳಗೆ ಮತ್ತೆ ಸೋಂಕಾಗುತ್ತದೆ, ನೋವು ಹೋಯಿತೆಂದು ಮರೆತು ಕೂರಬೇಡಿ ಎಂದು ಆಕೆ ಎರಡು ಸಲ ಎಚ್ಚರಿಸಿದರು. ಹಲ್ಲು ಕೀಳಿಸಿಕೊಳ್ಳುವುದೇ ಸರಿಯಾದ ನಿರ್ಧಾರವಾಗುವ ಸಂದರ್ಭಗಳೂ ಇವೆಯೆಂದೂ, ಅದಕ್ಕಾಗಿ ಯಾರೂ ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲವೆಂದೂ ಹೇಳಿದರು. ಆ ಮಾತನ್ನು ನಾನು ಮರೆತಿಲ್ಲ.

ಅರಿವಳಿಕೆಯ ಚುಚ್ಚುಮದ್ದು ಮೊದಲ ಸಲ ಸರಿಯಾಗಿ ಹಿಡಿಯಲಿಲ್ಲ. ತುಟಿ, ನಾಲಿಗೆಯ ಅರ್ಧ ಭಾಗ ಮರಗಟ್ಟಿದ್ದರೂ ಹಲ್ಲು ಮುಟ್ಟಿದಾಗ ಜೀವ ಹೋದಂತಾಯಿತು. ಹೀಗಾದಾಗ ವಿದ್ಯಾರ್ಥಿಯ ಕೈಚಳಕ ಸಾಲದೆಂದು ರೋಗಿಗೆ ಅನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸಿತು. ನಿಜವೆಂದರೆ, ತಿರುಳು ತೀವ್ರವಾಗಿ ಉರಿಯುತ್ತಿರುವ ಕೆಳದವಡೆಯ ಹಲ್ಲಿಗೆ ಅರಿವಳಿಕೆ ಪೂರ್ತಿ ಹಿಡಿಯದಿರುವುದು ಅನುಭವಿ ವೈದ್ಯರ ಕೈಯಲ್ಲೂ ಆಗಾಗ ಆಗುವುದೇ. ಆಕೆ ಕೂಡಲೇ ಕೆಲಸ ನಿಲ್ಲಿಸಿದರು, ಮೇಲ್ವಿಚಾರಕ ಅಧ್ಯಾಪಕರನ್ನು ಕರೆದರು, ಅವರು ಬಂದು ಹಲ್ಲಿನ ಪಕ್ಕದಲ್ಲೇ ಮತ್ತೊಂದು ಚುಚ್ಚುಮದ್ದು ಕೊಟ್ಟು, ನಾನು ತಲೆಯಾಡಿಸುವವರೆಗೂ ಕಾದರು. ಆಮೇಲೆ ನೋಯಲಿಲ್ಲ. ಹತ್ತು ದಿನದ ನೋವು ಆ ಸಂಜೆ ಇರಲಿಲ್ಲ. ಬಾಯಿ ತೆರೆದು ಕೂತ ದವಡೆಯ ಕೀಲು ಮಾತ್ರ ನೋಯುತ್ತಿತ್ತು.

ಗುಣಮಟ್ಟದ ಬಗ್ಗೆ ಅನುಮಾನವಿರುವವರಿಗೆ ಇನ್ನೊಂದು ಸಂಗತಿ. ಕೆಳಗಿನ ಮೊದಲ ದವಡೆಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರುಗಳು, ಮೂರು ಅಥವಾ ನಾಲ್ಕು ನಾಳಗಳು ಇರುತ್ತವೆ. ಒಂದನ್ನು ಬಿಟ್ಟರೂ ಚಿಕಿತ್ಸೆ ಕೆಡುತ್ತದೆ. ನನಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಎಂಜಲು ಒಳಗೆ ಸೇರದಂತೆ ನೋಡಿಕೊಂಡು, ನಾಳದ ಉದ್ದವನ್ನು ಎಕ್ಸ್‌ರೇಯಲ್ಲಿ ಅಳೆದು, ಪ್ರತಿಯೊಂದು ಹಂತಕ್ಕೂ ಅಧ್ಯಾಪಕರ ಸಹಿ ಬಿದ್ದ ಮೇಲೆಯೇ ಮುಂದಿನ ಹಂತಕ್ಕೆ ಹೋದರು. ಕೆಲಸ ನಿಧಾನ, ಆದರೆ ನಿಧಾನದ ಹಿಂದೆ ಎರಡು ಜೊತೆ ಕಣ್ಣುಗಳಿದ್ದವು. ದರ ಕಡಿಮೆಯಿರುವುದಕ್ಕೆ ಕಾರಣವೂ ಇದೇ: ಕಲಿಯುವವರಿಗೆ ರೋಗಿಗಳು ಬೇಕು, ಅವರ ದುಡಿಮೆಯ ಬೆಲೆ ನಮ್ಮ ಚೀಟಿಗೆ ಬರುವುದಿಲ್ಲ.

ಇನ್ನು ಕೊರತೆಗಳು. ಪ್ರತಿ ಭೇಟಿಗೂ ಅರ್ಧ ದಿನ ಹೋಯಿತು, ಎರಡು ಸಲ ಇಡೀ ದಿನವೇ ಹೋಯಿತು. ದಿನದ ಕೆಲಸಕ್ಕೆ ದಿನದ ಹಣ ಪಡೆಯುವವರಿಗೆ ಇದು ಸಣ್ಣ ನಷ್ಟವಲ್ಲ, ಮತ್ತು ಯಾವ ದರಪಟ್ಟಿಯಲ್ಲೂ ಇದು ಕಾಣುವುದಿಲ್ಲ. ಎರಡನೆಯ ಮತ್ತು ಮೂರನೆಯ ಭೇಟಿಯ ನಡುವೆ ತಾತ್ಕಾಲಿಕ ಸಿಮೆಂಟಿನ ಒಂದು ಚೂರು ಕಿತ್ತುಬಂತು. ದೂರವಾಣಿಯಲ್ಲಿ ಯಾರೂ ಸಿಗದೆ, ಅದನ್ನು ಮತ್ತೆ ತುಂಬಿಸಿಕೊಳ್ಳುವುದಕ್ಕೇ ಒಂದು ಭೇಟಿ ವ್ಯಯವಾಯಿತು. ನಾಲ್ಕನೆಯ ಸಲ ಹೋದಾಗ ಆ ವಿದ್ಯಾರ್ಥಿನಿ ಬೇರೆ ವಿಭಾಗಕ್ಕೆ ಹೋಗಿದ್ದರು. ಹೊಸಬರು ಕಡತ ನೋಡಿ ಕೆಲಸ ಮುಂದುವರಿಸಿದರು, ತಪ್ಪೇನೂ ಆಗಲಿಲ್ಲ, ಆದರೂ ನನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ನನಗೆ ನಿಜವಾಗಿ ಬೇಸರ ತಂದದ್ದು ಕ್ಯಾಪಿನ ವಿಷಯ. ರೂಟ್ ಕೆನಾಲ್ ಆದ ದವಡೆಹಲ್ಲು ಕ್ಯಾಪ್ ಇಲ್ಲದೆ ಅಗಿಯುವ ಭಾರಕ್ಕೆ ಸೀಳಬಹುದು. ಸೀಳಿದರೆ ಅಷ್ಟು ದಿನದ ಕೆಲಸವೆಲ್ಲ ವ್ಯರ್ಥ, ಹಲ್ಲನ್ನು ಕೀಳುವುದೇ ಗತಿ. ಕ್ಯಾಪನ್ನು ತಯಾರಿಸುವುದು ಹೊರಗಿನ ಪ್ರಯೋಗಾಲಯ, ಅದರ ಖರ್ಚು ಬೇರೆ ಎಂಬುದನ್ನು ನನಗೆ ಹೇಳಿದ್ದು ನಾಳಗಳನ್ನು ತುಂಬಿ ಮುಗಿಸಿದ ದಿನ. ಅದನ್ನು ಮೊದಲ ದಿನವೇ ಹೇಳಬೇಕಿತ್ತು. ಕೇಳಿದಾಗ ಪೂರ್ತಿ ಲೋಹದ ಕ್ಯಾಪ್ ತೋರಿಸಿದರು: ಸೆರಾಮಿಕ್‌ಗಿಂತ ಅಗ್ಗ, ಗಟ್ಟಿ, ಹಲ್ಲನ್ನು ಕಡಿಮೆ ಸವೆಸಿದರೆ ಸಾಕು. ಹಿಂದಿನ ಹಲ್ಲಾದ್ದರಿಂದ ಬಣ್ಣದ ಚಿಂತೆ ನನಗಿರಲಿಲ್ಲ, ಅದನ್ನೇ ಆರಿಸಿಕೊಂಡೆ.

ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದರೆ, ಆಸ್ಪತ್ರೆಗೆ ಕಟ್ಟಿದ ಹಣ ಖಾಸಗಿ ಚಿಕಿತ್ಸಾಲಯದಲ್ಲಿ ಹೇಳಿದ್ದರ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಕಳೆದುಕೊಂಡ ಕೆಲಸದ ದಿನಗಳನ್ನೂ ಓಡಾಟದ ಖರ್ಚನ್ನೂ ಸೇರಿಸಿದರೆ ಅರ್ಧದ ಹತ್ತಿರ ಬರುತ್ತದೆ. ಒಂದೇ ಸಲ ಕಟ್ಟಬೇಕಾಗದೆ, ಆರು ಭಾಗವಾಗಿ, ಸಾಲವಿಲ್ಲದೆ ಕಟ್ಟಲು ಸಾಧ್ಯವಾದದ್ದು ನನ್ನ ಮಟ್ಟಿಗೆ ನಿರ್ಣಾಯಕ.

ಎಲ್ಲ ತುರ್ತಿಗೂ ಈ ಆಸ್ಪತ್ರೆ ಸರಿಯಲ್ಲ. ಮುಖ ಅಥವಾ ಕುತ್ತಿಗೆ ಊದುತ್ತಿದ್ದರೆ, ನಾಲಿಗೆಯ ಕೆಳಭಾಗ ಎದ್ದುಬಂದಿದ್ದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ, ಜೊತೆಗೆ ಜ್ವರವಿದ್ದರೆ, ಚೀಟಿಯ ಸಾಲಿನಲ್ಲಿ ಒಂದು ನಿಮಿಷವೂ ಕಳೆಯದೆ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಹಲ್ಲಿನ ಕೀವು ಕುತ್ತಿಗೆಗೆ ಹರಡಿ ಶ್ವಾಸನಾಳವನ್ನು ಒತ್ತಿದರೆ ಪ್ರಾಣಕ್ಕೇ ಅಪಾಯ. ಪೆಟ್ಟು ಬಿದ್ದು ದೊಡ್ಡವರ ಹಲ್ಲು ಪೂರ್ತಿ ಕಿತ್ತುಬಂದರೂ ಕಾಯುವಂತಿಲ್ಲ. ಬೇರನ್ನು ಮುಟ್ಟದೆ ಹಲ್ಲಿನ ಮೇಲ್ಭಾಗ ಹಿಡಿದೆತ್ತಿ, ಸಾಧ್ಯವಾದರೆ ಅದರ ಜಾಗದಲ್ಲೇ ಕೂರಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು, ಒಂದು ಗಂಟೆಯೊಳಗೆ ಹತ್ತಿರದ ಯಾವ ದಂತವೈದ್ಯರಾದರೂ ಸರಿ, ಅವರಲ್ಲಿಗೆ ತಲುಪಬೇಕು. ರಾತ್ರಿ ಮತ್ತು ರಜಾದಿನಗಳಲ್ಲಿ ನಾನು ಹೋದ ಆಸ್ಪತ್ರೆ ಮುಚ್ಚಿರುತ್ತಿತ್ತು, ಪರೀಕ್ಷೆಗಳ ವಾರಗಳಲ್ಲಿ ಕುರ್ಚಿಗಳು ಅರ್ಧ ಖಾಲಿ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಯಾವುದಾದರೊಂದು ಕಾಯಿಲೆ ಇದೆ. ಇಷ್ಟು ಜನರ ನೋವನ್ನು ಅನೇಕ ವಿಮೆಗಳೂ ಸರ್ಕಾರಿ ಯೋಜನೆಗಳೂ ದೇಹಕ್ಕೆ ಸೇರದ ಅಂಗದ ನೋವೆಂಬಂತೆ ಹೊರಗಿಟ್ಟಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅದು ಬದಲಾಗುವವರೆಗೆ, ಇಂಥ ಆಸ್ಪತ್ರೆಗೆ ಹೋಗುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಲಿ: ಇವತ್ತು ನೋವು ನಿಲ್ಲಿಸಲು ಕನಿಷ್ಠ ಏನು ಮಾಡಬೇಕು, ಅದಕ್ಕೆ ಎಷ್ಟಾಗುತ್ತದೆ, ಉಳಿದದ್ದನ್ನು ಎಷ್ಟು ದಿನ ತಡೆಯಬಹುದು, ತಡೆದರೆ ಏನಾಗುತ್ತದೆ, ಕ್ಯಾಪ್ ಸೇರಿ ಕೊನೆಯವರೆಗಿನ ಮೊತ್ತವೆಷ್ಟು, ವರಮಾನದ ದಾಖಲೆ ತೋರಿಸಿದರೆ ರಿಯಾಯಿತಿ ಇದೆಯೇ. ಕೊನೆಯ ಪ್ರಶ್ನೆಯನ್ನು ಕೇಳಲು ನನಗೆ ಸಂಕೋಚವಾಗಿತ್ತು. ಐದನೆಯ ಭೇಟಿಯಲ್ಲಿ ಕೇಳಿದೆ, ಎಕ್ಸ್‌ರೇಗಳ ಶುಲ್ಕ ಬಿಟ್ಟುಕೊಟ್ಟರು. ಮೊದಲೇ ಕೇಳಿದ್ದರೆ ಹಿಂದಿನವೂ ಉಳಿಯುತ್ತಿದ್ದವು.

ಕ್ಯಾಪ್ ಕೂರಿಸಿ ಈಗ ಏಳು ತಿಂಗಳಾಯಿತು. ಎಡಗಡೆಯಲ್ಲೇ ಅಗಿಯುತ್ತೇನೆ. ಕಳೆದ ತಿಂಗಳು ತಪಾಸಣೆಗೆ ಹೋದಾಗ ಬೇರಿನ ತುದಿಯ ಸುತ್ತ ಮೂಳೆ ಸರಿಯಾಗಿದೆಯೆಂದು ಹೇಳಿದರು, ಮುಂದಿನ ಎಕ್ಸ್‌ರೇ ಒಂದು ವರ್ಷದ ಬಳಿಕ. ಬಲಗಡೆಯ ಒಂದು ಹಲ್ಲಿನಲ್ಲಿ ಹುಳುಕು ಶುರುವಾಗಿರುವುದನ್ನೂ ಅದೇ ದಿನ ತೋರಿಸಿದರು. ಇನ್ನೂ ತಿರುಳು ಮುಟ್ಟಿಲ್ಲವಾದ್ದರಿಂದ ಒಂದೇ ಭೇಟಿಯಲ್ಲಿ ಸಿಮೆಂಟ್ ತುಂಬಿ ಮುಗಿಸಿದರು.