ಸ್ಲೀಪಿಂಗ್ ಪ್ಯಾಡ್ ಡಬ್ಬಿ ಮೇಲಿನ ‘0 ಡಿಗ್ರಿ’ ನಂಬಿ ರಾತ್ರಿಯಿಡೀ ನಡುಗಿದೆ

ಕಳೆದ ಚಳಿಗಾಲದ ಟ್ರೆಕ್‌ನಲ್ಲಿ ಒಂದು ರಾತ್ರಿ ನಾನು ಮಲಗಲೇ ಇಲ್ಲ. ಸ್ಲೀಪಿಂಗ್ ಬ್ಯಾಗ್ ಒಳ್ಳೆಯದೇ ಇತ್ತು, ಬೆಚ್ಚನೆ ಬಟ್ಟೆಯೂ ಸಾಕಷ್ಟಿತ್ತು. ಕೈ ಕೊಟ್ಟಿದ್ದು ಕೆಳಗೆ ಹಾಸಿದ ಪ್ಯಾಡ್. ಹೊಸದಾಗಿ ಸಾಮಾನು ಕೊಳ್ಳುತ್ತಿರುವವರು ದಯವಿಟ್ಟು ಓದಿ.

ಅದು ಗಾಳಿ ತುಂಬುವ ಪ್ಯಾಡ್. ಅರ್ಧ ಕೆಜಿಗೂ ಕಡಿಮೆ ತೂಕ, ಸುತ್ತಿದರೆ ನೀರಿನ ಬಾಟಲಿಯಷ್ಟು, ಊದಿದರೆ 7 ಸೆಂ.ಮೀ. ದಪ್ಪ. ಡಬ್ಬಿಯ ಮೇಲೆ ‘0 ಡಿಗ್ರಿವರೆಗೂ ಬಳಸಬಹುದು’ ಅಂತ ದೊಡ್ಡದಾಗಿ ಬರೆದಿತ್ತು. ಇಷ್ಟು ದಪ್ಪ ಇದ್ದ ಮೇಲೆ ನೆಲದ ಚಳಿ ಎಲ್ಲಿ ತಾಗುತ್ತೆ ಅಂದುಕೊಂಡೆ.

ಆ ರಾತ್ರಿ 4 ಡಿಗ್ರಿ. ಹನ್ನೊಂದು ಗಂಟೆ ಹೊತ್ತಿಗೆ ಸೊಂಟ, ಭುಜ ತಣ್ಣಗಾಗತೊಡಗಿದವು. ಮಗ್ಗುಲು ಬದಲಿಸಿದರೆ ಆ ಮಗ್ಗುಲೂ ಹಾಗೇ. ಇದ್ದಬದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡೆ, ಎದೆ ಬೆಚ್ಚಗಾಯಿತು, ಬೆನ್ನು ಮಾತ್ರ ಒದ್ದೆ ಕಲ್ಲಿನ ಮೇಲೆ ಇಟ್ಟ ಹಾಗೇ ಇತ್ತು. ಪ್ಯಾಡ್ ಮೆತ್ತಗೂ ಆಗಿದ್ದರಿಂದ ತೂತು ಬಿದ್ದಿದೆ ಅಂತ ಕತ್ತಲಲ್ಲಿ ತಡಕಾಡಿದೆ. ತೂತೇನೂ ಇರಲಿಲ್ಲ, ಬಾಯಿಂದ ಊದಿದ ಬಿಸಿ ಗಾಳಿ ತಣ್ಣಗಾದಾಗ ಕುಗ್ಗುತ್ತದೆ, ಅಷ್ಟೇ. ಎರಡು ಗಂಟೆಗೆ ಹಲ್ಲು ಕಟಕಟ ಅನ್ನತೊಡಗಿದಾಗ ನಿಜಕ್ಕೂ ಹೆದರಿಕೆಯಾಯಿತು. ಬೆನ್ನಿಗೆ ಹಾಕುವ ಬ್ಯಾಗ್ ಖಾಲಿ ಮಾಡಿ ಕೆಳಗೆ ಹಾಕಿಕೊಂಡು, ಅದರ ಮೇಲೆ ಬೆಳಗಿನವರೆಗೂ ಮುದುರಿ ಕೂತೆ.

ಆಮೇಲೆ ಕಾರಣ ಹುಡುಕಿದೆ. ಸ್ಲೀಪಿಂಗ್ ಬ್ಯಾಗ್‌ನ ಒಳಗಿನ ತುಪ್ಪಳ ನಮ್ಮ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಹಾಗಾಗಿ ಕೆಳಗಡೆಯಿಂದ ಅದು ಹೆಚ್ಚೇನೂ ಕಾಪಾಡುವುದಿಲ್ಲ. ಅಲ್ಲಿ ಪ್ಯಾಡೇ ಗತಿ. ಒಳಗೆ ಬರೀ ಗಾಳಿ ಇರುವ ಪ್ಯಾಡ್‌ನಲ್ಲಿ ಆ ಗಾಳಿ ಸುತ್ತಾಡುತ್ತಾ ನಮ್ಮ ಮೈಯ ಬಿಸಿಯನ್ನು ನೆಲಕ್ಕೆ ಸಾಗಿಸುತ್ತಿರುತ್ತದೆ, ಎಷ್ಟು ದಪ್ಪ ಇದ್ದರೂ ಅಷ್ಟೇ.

ನೋಡಬೇಕಾದದ್ದು ಆರ್-ವ್ಯಾಲ್ಯೂ. ಬಿಸಿ ಸೋರುವುದನ್ನು ಪ್ಯಾಡ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು. ಇದನ್ನು ಅಳೆಯಲು 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಮಾನದಂಡ ಬಂದಿದೆ, ಆ ಹೆಸರು ಇದ್ದರೆ ಬೇರೆ ಬೇರೆ ಕಂಪನಿಗಳ ಪ್ಯಾಡ್‌ಗಳನ್ನು ಧೈರ್ಯವಾಗಿ ಹೋಲಿಸಬಹುದು. ಬರೀ ಗಾಳಿಯ ಪ್ಯಾಡ್‌ಗಳದ್ದು ಸಾಮಾನ್ಯವಾಗಿ 1ರ ಆಸುಪಾಸು. 0 ಡಿಗ್ರಿ ಹತ್ತಿರದ ರಾತ್ರಿಗೆ 3–4 ಬೇಕು, ಹಿಮದ ಮೇಲಾದರೆ 5ಕ್ಕಿಂತ ಜಾಸ್ತಿ. ಬೇಗ ಚಳಿ ಹತ್ತುವವರು ಇನ್ನೂ ಸ್ವಲ್ಪ ಮೇಲಿನದನ್ನೇ ತಗೊಳ್ಳಿ. ನನ್ನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ, ಈ ಸಂಖ್ಯೆ ಎಲ್ಲೂ ಇಲ್ಲ. ಮಾರಿದವರನ್ನು ಕೇಳಿದರೆ ‘0 ಡಿಗ್ರಿ ಅಂತ ಬರೆದಿದೆಯಲ್ಲ’ ಅಂದರು. ಯಾರು ಹೇಗೆ ಅಳೆದರು ಅಂತ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಬಳಸಿದ್ದು ವಾಪಸ್ ತಗೊಳ್ಳಲ್ಲ ಅಂದರು.

ನನ್ನ ಹಾಗೆ ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ. ಎರಡು ಪ್ಯಾಡ್ ಒಂದರ ಮೇಲೊಂದು ಹಾಸಿದರೆ ಆರ್-ವ್ಯಾಲ್ಯೂ ಕೂಡಿಕೊಳ್ಳುತ್ತದೆ. ಮಡಚುವ ಫೋಮ್ ಮ್ಯಾಟ್‌ಗಳದ್ದು ಸುಮಾರು 2 ಇರುತ್ತದೆ, ತೂತು ಬೀಳುವ ಭಯವೂ ಇಲ್ಲ. ನಾನು ಈಗ ಅಂಥದ್ದೊಂದನ್ನು ಕೆಳಗೆ ಹಾಸಿ, ಈ ಪ್ಯಾಡನ್ನು ಅದರ ಮೇಲೆ ಹಾಕುತ್ತೇನೆ.