ಸಪ್ತಾಪುರದ ಇತಿಹಾಸ ಬ್ಯಾಚ್: ಪಾಠ ಕೇಳಿ, ನೋಟ್ಸ್ ಮಾತ್ರ ಬೇಡ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಬರ ಇಲ್ಲ. ಅಲ್ಲಿನ ಒಂದು ಸೆಂಟರ್‌ನಲ್ಲಿ ಶನಿವಾರ, ಭಾನುವಾರ ನಡೆಯುವ ಜಾಗತಿಕ ಇತಿಹಾಸದ ಬ್ಯಾಚ್‌ಗೆ ಹೋಗಿದ್ದೆ. ಸೆಂಟರ್ ಹೆಸರು ಹಾಕುವುದಿಲ್ಲ, ಬೈಯುವ ವಿಷಯವೂ ಇದೆ. ಅಲ್ಲೇ ರೂಮ್ ಮಾಡಿಕೊಂಡು ಓದುವವರಿಗೆ ಯಾವುದು ಅಂತ ಗೊತ್ತಾಗುತ್ತದೆ ಬಿಡಿ. ಹೇಳುತ್ತಿರುವುದು ಅಮೆರಿಕದ ಭಾಗದ ಬಗ್ಗೆ ಮಾತ್ರ, ಅದೂ ಶುರುವಿನ ಕಾಲದ್ದು. ಫ್ರಾನ್ಸ್, ರಷ್ಯಾ ಎಲ್ಲ ಬೇರೆಯವರು ತಗೋತಾರೆ, ಅದು ಎಲ್ಲ ಕಡೆ ಇರುವ ಹಾಗೇ ಇದೆ.

ಈ ಪಾಠ ಸಾಮಾನ್ಯವಾಗಿ ಹೇಗಿರುತ್ತದೆ ಗೊತ್ತಲ್ವಾ? ಬಾಸ್ಟನ್ ಚಹಾ, 1776, ವಾಷಿಂಗ್ಟನ್, ಮುಗೀತು. ಗುಲಾಮರ ಮಾತು ಬರುವುದು ಲಿಂಕನ್ ಬಂದಾಗಲೇ. ಈ ಸರ್ ತಂಬಾಕಿನಿಂದ ಶುರು ಮಾಡುತ್ತಾರೆ. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ಗೆ ಬಂದ ಇಂಗ್ಲಿಷರು ಹಸಿವು, ಜ್ವರದಿಂದ ಸಾಯುತ್ತಿದ್ದರು, ಅವರನ್ನು ಕಳಿಸಿದ ಲಂಡನ್ನಿನ ಕಂಪನಿಗೆ ಲಾಭದ ಸುಳಿವೇ ಇರಲಿಲ್ಲ, ಅಷ್ಟರಲ್ಲಿ ಜಾನ್ ರಾಲ್ಫ್ ಬೆಳೆದ ತಂಬಾಕಿಗೆ ಇಂಗ್ಲೆಂಡಿನಲ್ಲಿ ಗಿರಾಕಿ ಸಿಕ್ಕಿತು. ಬೆಳೆ ಸಿಕ್ಕಿತು, ಆಳು ಬೇಕಲ್ಲ? ಇಂಗ್ಲೆಂಡಿನ ಬಡವರು ಹಡಗಿನ ಖರ್ಚಿನ ಬದಲಿಗೆ 4ರಿಂದ 7 ವರ್ಷ ದುಡಿಯುವ ಕರಾರು ಮಾಡಿಕೊಂಡು ಬರುತ್ತಿದ್ದರು. ಹಾಗೆ ಖರ್ಚು ಹಾಕಿ ಕರೆಸಿದವನಿಗೆ ವರ್ಜೀನಿಯಾದಲ್ಲಿ ತಲೆಗೆ 50 ಎಕರೆ ಜಮೀನು. ದುಡ್ಡಿದ್ದವನಿಗೆ ಆಳೂ ಬಂತು, ಹೊಲವೂ ಬಂತು.

ಮುಂದಿನ ಪಾಠವೇ ಈ ಬ್ಯಾಚ್‌ನ ಜೀವ. 1619ರಲ್ಲಿ ಒಂದು ಹಡಗಿನವರು ಪಾಯಿಂಟ್ ಕಂಫರ್ಟ್‌ನಲ್ಲಿ 20ಕ್ಕಿಂತ ಸ್ವಲ್ಪ ಜಾಸ್ತಿ ಆಫ್ರಿಕನ್ನರನ್ನು ಕೊಟ್ಟು ಆಹಾರ ಸಾಮಾನು ತಗೊಂಡರು. ಆಗಿನ್ನೂ ಕಾನೂನು ಗಟ್ಟಿಯಾಗಿರಲಿಲ್ಲ, ಕೆಲವರು ಬಿಡುಗಡೆಯಾಗಿ ಜಮೀನು ಮಾಡಿದ್ದೂ ಇದೆ. ಆಮೇಲೆ ಸರ್ ಬೋರ್ಡ್ ಮೇಲೆ ವರ್ಜೀನಿಯಾದ ಕಾನೂನುಗಳ ಇಸವಿ ಬರೆಯುತ್ತಾ ಹೋಗುತ್ತಾರೆ. 1662: ಮಗುವಿಗೆ ತಾಯಿಯ ಸ್ಥಿತಿಯೇ. ಇಂಗ್ಲೆಂಡಿನಲ್ಲಿ ತಂದೆಯಿಂದ ಬರುತ್ತಿದ್ದುದನ್ನು ಇಲ್ಲಿ ತಿರುಗಿಸಿದರು, ಅಂದರೆ ಮಾಲೀಕನಿಗೇ ಹುಟ್ಟಿದ ಮಗುವೂ ಮಾಲೀಕನ ಆಸ್ತಿ. 1667: ಕ್ರೈಸ್ತ ದೀಕ್ಷೆ ಪಡೆದರೂ ಬಿಡುಗಡೆ ಇಲ್ಲ. 1669: ಶಿಕ್ಷೆ ಕೊಡುವಾಗ ಗುಲಾಮ ಸತ್ತರೆ ಅದು ಕೊಲೆ ಅಪರಾಧ ಅಲ್ಲ. 1705: ವಾರಸಾ ಹಂಚುವಾಗ ಗುಲಾಮರು ಹೊಲ, ಮನೆಯ ಹಾಗೆ ಸ್ಥಿರಾಸ್ತಿ. ಗುಲಾಮಗಿರಿ ಸುಮ್ನೆ ಬೆಳೆದು ಬಂದ ಪದ್ಧತಿ ಅಲ್ಲ, ಸಭೆ ಸೇರಿಸಿ, ಮತ ಹಾಕಿ ಒಂದೊಂದೇ ಬಾಗಿಲು ಮುಚ್ಚಿದ್ದು ಅನ್ನುವುದು ಈ ಪಟ್ಟಿಯಲ್ಲೇ ಕಾಣುತ್ತದೆ. ಹಾಗಂತ ಒಂದೇ ಕಾರಣ ಹೇಳಿ ಕೈ ತೊಳೆಯುವುದಿಲ್ಲ. 1676ರಲ್ಲಿ ವರ್ಜೀನಿಯಾ ಗವರ್ನರ್ ವಿರುದ್ಧ ನಡೆದ ಬೇಕನ್ ದಂಗೆಯಲ್ಲಿ ಬಿಳಿ ಆಳುಗಳೂ ಕಪ್ಪು ಆಳುಗಳೂ ಒಟ್ಟಾಗಿದ್ದನ್ನು ಹೇಳುತ್ತಾರೆ, ಇಂಗ್ಲೆಂಡಿನಿಂದ ಕರಾರಿನ ಆಳು ಬರುವುದು ಕಡಿಮೆಯಾಗಿದ್ದನ್ನೂ ಹೇಳುತ್ತಾರೆ.

ದಕ್ಷಿಣ ಕೆರೊಲಿನಾದ ಭತ್ತದ ಪಾಠದಲ್ಲಿ ಚರ್ಚೆ ಚೆನ್ನಾಗಿ ಆಯಿತು. ಅಲ್ಲಿ ದಿನಕ್ಕೆ ಇಷ್ಟು ಕೆಲಸ ಅಂತ ಗೊತ್ತುಮಾಡುತ್ತಿದ್ದರು, ಮುಗಿಸಿದ ಮೇಲೆ ಉಳಿದ ಹೊತ್ತಲ್ಲಿ ಗುಲಾಮರು ತಮ್ಮ ತುಂಡು ನೆಲದಲ್ಲಿ ಏನಾದರೂ ಬೆಳೆದು ಮಾರಬಹುದಿತ್ತು. ಹಾವೇರಿ ಕಡೆಯ ಹುಡುಗನೊಬ್ಬ, ಇದು ನಮ್ಮ ಹೊಲದ ಗುತ್ತಿಗೆ ಕೆಲಸದ ಹಾಗೇ ಇದೆಯಲ್ಲ ಸರ್ ಅಂದ. ಗುತ್ತಿಗೆಯವನು ನಾಳೆ ಬರಲ್ಲ ಅನ್ನಬಹುದು, ಅವನ ಮಗಳನ್ನು ನೀನು ಮಾರೋಕಾಗಲ್ಲ ಅಂದರು ಸರ್. 1739ರಲ್ಲಿ ಅಲ್ಲಿನ ಗುಲಾಮರೇ ಎದ್ದ ಸ್ಟೋನೊ ದಂಗೆ, ಅದಾದ ಮರುವರ್ಷ ಗುಲಾಮರಿಗೆ ಬರವಣಿಗೆ ಕಲಿಸುವುದನ್ನೇ ನಿಷೇಧಿಸಿದ ಕಾನೂನು, ಎಲ್ಲ ಇದರ ಜೊತೆಗೇ ಬಂತು.

ಹತ್ತಿಯ ಪಾಠ ನಮ್ಮ ಕಡೆಯವರಿಗೆ ಬೇಗ ಹಿಡಿಸುತ್ತದೆ. ಗದಗ, ಹುಬ್ಬಳ್ಳಿಯವರಿಗೆ ಜಿನ್ನಿಂಗ್ ಫ್ಯಾಕ್ಟರಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1793ರಲ್ಲಿ ಎಲಿ ವಿಟ್ನಿ ಜಿನ್ ಮಾಡಿದ ಮೇಲೆ ಬೀಜ ಬಿಡಿಸುವ ಕೆಲಸ ಕಡಿಮೆಯಾಯಿತು, ಹೊಲದಲ್ಲಿ ಬಿತ್ತುವ, ಗಿಡದಿಂದ ಹತ್ತಿ ಬಿಡಿಸುವ ಕೆಲಸ ವಿಪರೀತ ಜಾಸ್ತಿಯಾಯಿತು. 1790ರ ಗಣತಿಯಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ ಸುಮಾರು 40 ಲಕ್ಷ. ಆ ಹತ್ತಿಯ ತಳಿಯೇ 1840ರ ದಶಕದಲ್ಲಿ ನಮ್ಮ ಜಿಲ್ಲೆಗೂ ಬಂದು 'ಧಾರವಾಡ್ ಅಮೆರಿಕನ್' ಅಂತ ಹೆಸರಾಯಿತು, 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಬರುವುದು ಕಡಿಮೆಯಾದಾಗ ಇಲ್ಲಿ ದರ ಏರಿತು. ಇದು ಸಿಲಬಸ್‌ನಲ್ಲಿ ಇಲ್ಲ, ಆದರೂ ಹೇಳಿದರು.

ಉತ್ತರದ ವಸಾಹತುಗಳನ್ನು ಮಾತ್ರ ಓಡಿಸಿಬಿಟ್ಟರು. ಬಾಸ್ಟನ್ನಿನ ಮೀನು ಕೆರಿಬಿಯನ್ ಕಬ್ಬಿನ ತೋಟಗಳಿಗೆ ಹೋಗುತ್ತಿದ್ದುದು, ಅಲ್ಲಿಂದ ಬಂದ ಕಾಕಂಬಿಯಿಂದ ರಮ್ ಮಾಡುತ್ತಿದ್ದುದು, ನ್ಯೂಪೋರ್ಟ್ ಹಡಗುಗಳು ಅದೇ ರಮ್ ಕೊಟ್ಟು ಆಫ್ರಿಕಾದಲ್ಲಿ ಜನರನ್ನು ಕೊಳ್ಳುತ್ತಿದ್ದುದು, ಇಷ್ಟಕ್ಕೆ ಅರ್ಧ ಕ್ಲಾಸ್ ಸಾಕಾ? ಮೂಲನಿವಾಸಿಗಳ ಬಗ್ಗೆ ಇನ್ನೂ ಕಡಿಮೆ.

ಇನ್ನು ನೋಟ್ಸ್. ಇದನ್ನು ಸರ್ ಬರೆದಿಲ್ಲ, ಸೆಂಟರ್‌ನವರು ಯಾರಿಂದಲೋ ಬರೆಸಿದ್ದು, ದುಡ್ಡು ಬೇರೆ. ಐವರು ಗುಲಾಮರನ್ನು ಮೂವರು ಅಂತ ಎಣಿಸುವ ಅಮೆರಿಕದ ಸಂವಿಧಾನದ ನಿಯಮದಿಂದ 'ಗುಲಾಮರಿಗೆ ಮುಕ್ಕಾಲಿಗಿಂತ ಕಡಿಮೆ ಮತ ಸಿಕ್ಕಿತು' ಅಂತ ಅದರಲ್ಲಿದೆ. ಅವರಿಗೆ ಮತವೇ ಇರಲಿಲ್ಲ! ಲೆಕ್ಕಕ್ಕೆ ಹಿಡಿದಿದ್ದು ರಾಜ್ಯಗಳಿಗೆ ಸಂಸತ್ತಿನ ಸೀಟು ಹಂಚುವಾಗ, ಅದರಿಂದ ಬಲ ಬಂದಿದ್ದು ಮಾಲೀಕರ ರಾಜ್ಯಗಳಿಗೆ. ಸ್ವಾತಂತ್ರ್ಯ ಬಂದ ಕೂಡಲೇ ಉತ್ತರದಲ್ಲಿ ಗುಲಾಮಗಿರಿ ಹೋಯಿತು ಅಂತ ಇನ್ನೊಂದು ಸಾಲು. ಪೆನ್ಸಿಲ್ವೇನಿಯಾದ 1780ರ ಕಾನೂನಿನಲ್ಲಿ ಆಮೇಲೆ ಹುಟ್ಟಿದ ಮಕ್ಕಳಿಗೂ 28 ವರ್ಷದವರೆಗೆ ದುಡಿಮೆ ಇತ್ತು, ನ್ಯೂಯಾರ್ಕ್‌ನಲ್ಲಿ ಪೂರ್ತಿ ಮುಗಿದಿದ್ದು 1827ಕ್ಕೆ. ಕ್ಲಾಸ್‌ನಲ್ಲಿ ಸರಿ, ಪುಸ್ತಕದಲ್ಲಿ ತಪ್ಪು. ಪರೀಕ್ಷೆಯಲ್ಲಿ ಬರೆದರೆ ಹೊಡೆತ ನಮಗೇ.

ಕೋಣೆ ಇಕ್ಕಟ್ಟು, ಹಿಂದಿನ ಸಾಲಿಗೆ ಬೋರ್ಡ್ ಸರಿಯಾಗಿ ಕಾಣುವುದಿಲ್ಲ, ರೆಕಾರ್ಡಿಂಗ್‌ನಲ್ಲಂತೂ ಇಸವಿಗಳೇ ಓದೋಕಾಗಲ್ಲ. ಹುಬ್ಬಳ್ಳಿಯಿಂದ ಬರುವವರಿಗೆ ಚಿಗರಿ ಬಸ್ ಇದೆ, ಓಡಾಟದ ತೊಂದರೆ ಇಲ್ಲ. ಕೌಂಟರ್‌ನಲ್ಲಿ ಫೀ ಜೊತೆ ನೋಟ್ಸಿನ ದುಡ್ಡೂ ಸೇರಿಸಿ ಹೇಳುತ್ತಾರೆ. ಅದು ಬೇಡ ಅಂತ ಎರಡು ಸಲ ಹೇಳಿದರೆ ಕಡಿಮೆ ಮಾಡುತ್ತಾರೆ. ಒಮ್ಮೆ ಕಟ್ಟಿದ ಮೇಲೆ ವಾಪಸ್ ಇಲ್ಲ, ಹಾಗಾಗಿ ಮೊದಲೇ ಕೇಳಿ.